ಮಷೀನ್ ಕೆಟ್ಟ ದಿನ ಕೈಯಲ್ಲೇ ಮಾಡಿದ ಟೆಸ್ಟ್

ವನಜಾಕ್ಷಿ ಒಂದು ತಾಲೂಕು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಗಂಡ ತೀರಿಕೊಂಡು ನಾಲ್ಕು ತಿಂಗಳಾಗಿತ್ತು...

ಅವಳು ಅತ್ತಿರಲಿಲ್ಲ. ಅಳು ಬರಲೇ ಇಲ್ಲ. ಬೆಳಿಗ್ಗೆ ಡ್ಯೂಟಿಗೆ ಬರುವುದು, ಸಂಜೆ ಹೋಗುವುದು... ಒಳಗೆ ದುಃಖವೂ ಇಲ್ಲ, ಏನೂ ಇಲ್ಲ.

ಒಂದು ದಿನ ಡಾಕ್ಟರ್ ಸುಹೇಲ್ ಪುಟ್ಟ ಬಾಟಲಿ ತಂದಿಟ್ಟರು. ನಾಲ್ಕು ವರ್ಷದ ಭುವನಾಳ ಬೆನ್ನಿಗೆ ಸೂಜಿ ಹಾಕಿ ತೆಗೆದ, ಮಿದುಳಿನ ಸುತ್ತ ಹರಿಯುವ ನೀರು. ಹತ್ತು ದಿನದ ಜ್ವರಕ್ಕೆ ಮಗು ಮಂಪರಿನಲ್ಲಿತ್ತು.

"ನೋಡೋಕೆ ತಿಳಿಯಾಗೇ ಇದೆ ಮೇಡಂ. ನಮ್ಮ ಮಷೀನ್ ಬೇರೆ ಕೆಟ್ಟಿದೆ... ನಾಳೆ ಜಿಲ್ಲಾಸ್ಪತ್ರೆ ಲ್ಯಾಬಿಗೆ ಕಳಿಸೋಣ ಬಿಡಿ."

"ಕೈಯಲ್ಲೇ ಮಾಡ್ತೀನಿ ಸರ್," ಅಂದಳು. ಉತ್ಸಾಹದಿಂದಲ್ಲ... ಸ್ಯಾಂಪಲ್ ಬಂದರೆ ಟೆಸ್ಟ್ ಮಾಡಬೇಕು, ಅಷ್ಟೇ.

ಹಳೆಯ ವಿಧಾನ. ಗಾಜಿನ ಟ್ಯೂಬಿಗೆ ಆ ನೀರು ಸ್ವಲ್ಪ, ಮೇಲೆ ಒಂದು ಆಸಿಡ್. ಪ್ರೋಟೀನ್ ಹೆಚ್ಚಿದ್ದರೆ ನೀರುಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತದೆ. ಎಷ್ಟು ಬೆಳ್ಳಗೆ ಅನ್ನುವುದನ್ನು ಪ್ರೋಟೀನ್ ಅಳತೆ ಗೊತ್ತಿರುವ ಟ್ಯೂಬುಗಳ ಪಕ್ಕ ಹಿಡಿದು ನೋಡಬೇಕು.

ಹತ್ತು ನಿಮಿಷ ಕಾದಳು... ಬೆಳ್ಳಗಾಯಿತು.

ಟ್ಯೂಬೇ ಕೊಳಕಾಗಿತ್ತೇನೋ... ಹೊಸ ಟ್ಯೂಬ್ ತೆಗೆದು ಮತ್ತೆ ಮಾಡಿದಳು. ಮತ್ತೂ ಅಷ್ಟೇ ಬೆಳ್ಳಗೆ.

ಫೋನ್ ಎತ್ತಿದಳು. "ಸರ್, ಎರಡು ಸಲ ನೋಡಿದೆ. ಪ್ರೋಟೀನ್ ಇರಬೇಕಾದ್ದಕ್ಕಿಂತ ಐದು ಪಟ್ಟು ಜಾಸ್ತಿ ಇದೆ."

ಡಾಕ್ಟರ್ ತಕ್ಷಣ ಹೇಳಿದರು, "ಮಿದುಳಿನ ಟಿಬಿ ಇರಬಹುದು... ನಾಳೆವರೆಗೂ ಕಾಯೋ ಹಾಗಿಲ್ಲ. ಈಗಲೇ ಔಷಧಿ ಶುರು ಮಾಡಿ ಮಗೂನ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ."

ಆಂಬುಲೆನ್ಸ್ ಹೋದ ಸದ್ದು ಕೇಳಿಸಿತು. ವನಜಾಕ್ಷಿಗೆ ಏನೂ ಅನಿಸಲಿಲ್ಲ. ಟ್ಯೂಬ್ ತೊಳೆದಿಟ್ಟಳು.

ಎರಡು ತಿಂಗಳು ಕಳೆಯಿತು...

ಒಂದು ಬೆಳಿಗ್ಗೆ ಲ್ಯಾಬಿನ ಬಾಗಿಲಲ್ಲಿ ಮಗು ಎತ್ತಿಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಭುವನಾಳ ತಾಯಿ.

"ಟೆಸ್ಟ್ ಮಾಡಿದ ಅಕ್ಕ ನೀವೇನಾ? ಇನ್ನೊಂದು ದಿನ ತಡ ಆಗಿದ್ರೆ ಮಗು ಕೈಗೆ ಸಿಗ್ತಿರಲಿಲ್ಲ ಅಂದ್ರು ದೊಡ್ಡಾಸ್ಪತ್ರೇಲಿ... ನಿಮ್ಮ ಮುಖ ನೋಡ್ಕೊಂಡು ಹೋಗೋಣ ಅಂತ ಬಂದೆ ಅಕ್ಕ..."

ಅಷ್ಟು ಹೇಳುವಷ್ಟರಲ್ಲಿ ಆ ತಾಯಿ ಬಿಕ್ಕಿ ಬಿಕ್ಕಿ ಅತ್ತಳು.

ವನಜಾಕ್ಷಿ ಅಳಲಿಲ್ಲ. ಆಗಲೂ ಅಳು ಬರಲಿಲ್ಲ... ಭುವನಾ ಮಾತ್ರ ಕೈ ಚಾಚಿ, ತಾನಾಗಿಯೇ ಅವಳ ಸೊಂಟಕ್ಕೆ ದಾಟಿಕೊಂಡಳು. ಬೆಚ್ಚಗಿದ್ದಳು. ಭಾರವಾಗಿದ್ದಳು. ಇಳಿಸಬೇಕು ಅನಿಸಲಿಲ್ಲ.

ಅವತ್ತು ಮಧ್ಯಾಹ್ನ... ಆರು ತಿಂಗಳಲ್ಲಿ ಮೊದಲ ಸಲ, ವನಜಾಕ್ಷಿಗೆ ಹಸಿವಾಯಿತು.

ಡಬ್ಬಿ ಬಿಚ್ಚಿ, ಅನ್ನ ಪೂರ್ತಿ ಉಂಡಳು.

ಮನಸ್ಸು ಮರಗಟ್ಟಿದ ದಿನವೂ ಕೈ ಪ್ರಾಮಾಣಿಕವಾಗಿದ್ದರೆ, ಒಂದು ಜೀವ ಉಳಿಯಲು ಅಷ್ಟು ಸಾಕು.

ನಿಮ್ಮ ಮನೆಯವರ ರಿಪೋರ್ಟ್ ಬರೆದುಕೊಟ್ಟ ಆ ಲ್ಯಾಬಿನವರ ಮುಖವನ್ನು, ನೀವು ಯಾವತ್ತಾದರೂ ನೋಡಿದ್ದೀರಾ?