ಬೀದಿಗೊಂದೇ ಮೇಜು

ಬಾಗಿಲಿಗೆ ಲಾರೆಲ್ ಎಲೆಗಳ ತೋರಣ ಕಟ್ಟಿ, ಡೊಮ್ನಿನಾ ಊಟದ ಮೇಜನ್ನು ಹೊಸ್ತಿಲು ದಾಟಿಸಿ ಬೀದಿಗೆ ಎಳೆಯತೊಡಗಿದಳು.

"ಬೇಡ ಕಣೇ," ಗಂಡ ಮಾಲ್ಖಸ್ ಒಳಗಿನಿಂದಲೇ ಪಿಸುಗುಟ್ಟಿದ. "ಹೊಸ ವರ್ಷ ಅಂತ ಹಳೇ ದೇವರುಗಳ ಜನರ ಜೊತೆ ಊಟಕ್ಕೆ ಕೂತರೆ ಚರ್ಚಿನಿಂದ ಹೊರಗೆ ಅಂದಿದ್ದಾರೆ. ಮಗಳ ದೀಕ್ಷಾಸ್ನಾನ ಬೇರೆ ಇದೆ."

"ಆ ಕಡೆ ಸ್ವಲ್ಪ ಹಿಡೀರಿ," ಎಂದಳು ಅವಳು.

ಎದುರು ಮನೆಯ ಕಲ್ಲಿಸ್ತೆ ಬಾಗಿಲಲ್ಲೇ ನಿಂತಿದ್ದಳು. ಅವಳ ಮನೆಯವರಿನ್ನೂ ಹಳೆಯ ದೇವರುಗಳನ್ನು ಬಿಟ್ಟಿರಲಿಲ್ಲ. "ನನ್ನಿಂದ ನಿಂಗೆ ತೊಂದರೆ ಬೇಡ. ಈ ಸಲ ಅವರವರ ಮನೇಲೇ ಉಣ್ಣೋಣ."

"ಈ ಅಂತಿಯೋಕ್ಯಕ್ಕೆ ಸೊಸೆಯಾಗಿ ಬಂದಾಗಿಂದ ಹೊಸ ವರ್ಷದ ಊಟ ನಿನ್ನ ಬಿಟ್ಟು ಮಾಡಿಲ್ಲ ಅಕ್ಕ. ನಿನ್ನ ಮೇಜು ತಗೊಂಡು ಬಾ."

ಎರಡೂ ಮೇಜು ಸೇರುವಷ್ಟರಲ್ಲಿ ಚರ್ಚಿನ ಉಪಯಾಜಕ ಹೆಲ್ಲಾಡಿಯೋಸ್ ಬಂದೇಬಿಟ್ಟ. ಸಣಕಲು ದೇಹ, ಬೀದಿ ತುಂಬುವ ದನಿ. ಅಕ್ಕಪಕ್ಕದ ಕಿಟಕಿಗಳು ಮುಚ್ಚಿಕೊಂಡವು.

"ಇದನ್ನು ಒಳಗೆ ಒಯ್ಯದಿದ್ದರೆ ಈಸ್ಟರಿಗೆ ನಿನ್ನ ಮಗಳಿಗೆ ದೀಕ್ಷಾಸ್ನಾನ ಇಲ್ಲ."

ಡೊಮ್ನಿನಾ ಮೇಜನ್ನು ಬಿಡಲಿಲ್ಲ. "ಅವಳನ್ನ ಹೆತ್ತು ನಾನು ಜ್ವರದಲ್ಲಿ ಬಿದ್ದಿದ್ದೆ ಸ್ವಾಮಿ. ಮಗು ಬದುಕಿದ್ದು ಈ ಕಲ್ಲಿಸ್ತೆ ಅಕ್ಕನ ಹಾಲು ಕುಡಿದು. ದೀಕ್ಷಾಸ್ನಾನದಲ್ಲಿ ಆ ಹಾಲನ್ನೂ ತೊಳೀತೀರಾ?"

ಹೆಲ್ಲಾಡಿಯೋಸ್ ಬಾಯಿ ತೆರೆದ. ಅಷ್ಟರಲ್ಲಿ ಪಕ್ಕದ ಬಾಗಿಲು ಕಿರುಗುಟ್ಟಿ, ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುವ ಬಣ್ಣಗಾರ ಜೆನೋಬಿಯೋಸ್ ತಲೆಯ ಮೇಲೆ ಮೇಜು ಹೊತ್ತು ಹೊರಬಂದ. ಹಿಂದೆಯೇ ಇನ್ನೊಂದು ಮನೆ. ಮತ್ತೊಂದು. ತೋರಣವಿದ್ದ ಬಾಗಿಲೂ ತೆರೆಯಿತು, ಶಿಲುಬೆ ಕೆತ್ತಿದ ಬಾಗಿಲೂ ತೆರೆಯಿತು. ಹುರಿದ ಮಾಂಸ, ಜೇನಿನ ಕಜ್ಜಾಯ, ಒಣಅಂಜೂರ ಬಂದು ಬಿದ್ದವು. ನೋಡನೋಡುತ್ತಿದ್ದಂತೆ ಬಾವಿಕಟ್ಟೆಯವರೆಗೂ ಮೇಜೋ ಮೇಜು, ಎರಡೂ ಕಡೆ ಗೋಡೆಗೆ ಒತ್ತಿ ಕೂತ ಜನ.

"ದಾರಿ ಬಿಡಿ, ಪ್ರಾರ್ಥನೆಗೆ ಹೊತ್ತಾಯ್ತು," ಎಂದ ಹೆಲ್ಲಾಡಿಯೋಸ್.

"ದಾರಿ ಎಲ್ಲಿದೆ ಸ್ವಾಮಿ? ಕೂತ್ಕೊಳ್ಳಿ," ಎಂದ ಬಣ್ಣಗಾರ.

"ಇವತ್ತು ನನಗೆ ಉಪವಾಸ."

ಕಲ್ಲಿಸ್ತೆ ತುಂಬಿದ ದ್ರಾಕ್ಷಾರಸದ ಹೂಜಿಯನ್ನು ಅವನ ಕೈಗಿಟ್ಟಳು. "ಹಾಗಾದ್ರೆ ಬಡಿಸ್ತಾ ಹೋಗಿ. ಬಡಿಸೋರಿಗೆ ಯಾರಾದ್ರೂ ಜಾಗ ಬಿಡ್ತಾರೆ."

ಬೀದಿಗೆ ಬೀದಿಯೇ ನಕ್ಕಿತು. ಹೆಲ್ಲಾಡಿಯೋಸ್ ಹೂಜಿ ಹಿಡಿದು ಬಗ್ಗಿ ಕಲ್ಲಿಸ್ತೆಯ ಬಟ್ಟಲನ್ನೇ ಮೊದಲು ತುಂಬಿದ. ಡೊಮ್ನಿನಾಳ ಬಳಿ ದನಿ ತಗ್ಗಿಸಿ, "ಈಸ್ಟರಿಗೆ ಮಗಳನ್ನ ಕರ್ಕೊಂಡು ಬಾಮ್ಮ," ಎಂದ. ಅವಳಿಗೆ ಕಣ್ಣು ತುಂಬಿ ಬಂತು.

ಜನ ಮೊಣಕಾಲು ಮಡಚಿ ದಾರಿ ಕೊಡುತ್ತ ಹೋದರು. ಯಾರ ದೇವರು ಯಾರು ಎಂದು ಅವನು ಕೇಳಲಿಲ್ಲ. ಬಾವಿಕಟ್ಟೆ ಮುಟ್ಟುವಾಗ ಉಪಯಾಜಕನ ಬಿಳಿ ಅಂಗಿಯ ತೋಳು ಮೊಣಕೈವರೆಗೂ ದ್ರಾಕ್ಷಾರಸದಿಂದ ಕೆಂಪಾಗಿತ್ತು.