ವಾಪಸು ಕೊಟ್ಟ ‘ಸರ್’

ನಿವೃತ್ತರಾಗುವವರು ಬೀರುವಿನ ಬೀಗದ ಕೈ, ಗುರುತಿನ ಚೀಟಿಗಳ ಜೊತೆಗೆ ತಮ್ಮ ‘ಸರ್’ ಅನ್ನೂ ಸಂಜೆ ಐದರೊಳಗೆ ಆಫೀಸಿಗೆ ಒಪ್ಪಿಸಿಯೇ ಹೋಗಬೇಕು. ಜಂಟಿ ನಿರ್ದೇಶಕ ತಿಪ್ಪೇರುದ್ರಪ್ಪನವರು ಐದಕ್ಕೆ ಹತ್ತು ನಿಮಿಷ ಇರುವವರೆಗೂ ಕಾಲ ತಳ್ಳಿ, ಕೊನೆಗೆ ಗುಮಾಸ್ತೆ ಶಾಹೀನಾಳ ಕೌಂಟರಿಗೆ ಬಂದು ನಿಂತರು.

“ಸರ್, ಇಲ್ಲಿ ಸ್ವಲ್ಪ ಕಿವಿ ಇಡಿ ಸರ್,” ಎಂದು ಅವಳು ‘ಸರ್’ ಇಳಿಸಿಕೊಳ್ಳುವ ಯಂತ್ರದ ಕೊಳವೆಯನ್ನು ಮುಂದೆ ಹಿಡಿದಳು. ಯಂತ್ರ ಗುಂಯ್ ಎಂದಿತು. ಮೂವತ್ತೆರಡು ವರ್ಷ ಕೇಳಿಸಿಕೊಂಡ ‘ಸರ್’ಗಳೆಲ್ಲ ಒಂದೇ ನಿಮಿಷದಲ್ಲಿ ಇಳಿದುಹೋದವು.

“ಆಯ್ತು ಕಣ್ರೀ, ಸೈನ್ ಹಾಕಿ,” ಎಂದಳು ಅದೇ ಶಾಹೀನಾ, ತಲೆ ಕೂಡ ಎತ್ತದೆ.

ತಿಪ್ಪೇರುದ್ರಪ್ಪನವರಿಗೆ ಮೈಯೆಲ್ಲ ಉರಿದುಹೋಯಿತು. ನಾಲಿಗೆ ಬಿಗಿ ಹಿಡಿದು ಮಾತಾಡು ಎಂದು ಗದರಿಸಲು ಬಾಯಿ ತೆರೆದರು.

“ಎಲ್ಲಿ ಹಾಕ್ಲಿ ಸರ್?” ಎಂಬ ಮಾತು ಹೊರಬಿತ್ತು. ಅವರೇ ಬೆಚ್ಚಿದರು. “ಈ ‘ಸರ್’ ಅನ್ನ ತೆಗೀಲಿಲ್ವಾ ಸರ್?”

“ಬೇರೆಯವ್ರು ನಿಮಗೆ ಹೇಳಿದ್ದು ಸರ್ಕಾರದ್ದು, ಅದನ್ನ ತಗೊಂಡ್ವಿ. ನೀವು ಮೇಲಿನವ್ರಿಗೆ ಹೇಳಿದ್ದು ನಿಮ್ಮ ಸ್ವಂತದ್ದು. ಅದು ನಿಮ್ಮ ಹತ್ರಾನೇ ಇರುತ್ತೆ.”

ಹೊರಗೆ ಅಟೆಂಡರ್ ಓಬಳೇಶ ಸನ್ಮಾನದ ಹಾರ, ಹಣ್ಣಿನ ಬುಟ್ಟಿ ಹಿಡಿದು ಕಾಯುತ್ತಿದ್ದ. ಅವನನ್ನು ಇವರು ಇಷ್ಟು ವರ್ಷ ‘ಲೇ’ ಎಂದೇ ಕರೆದಿದ್ದರು.

“ಆಟೋವರ್ಗೂ ತಂದ್ಕೊಡ್ತೀನಿ ನಡೀರಿ,” ಎಂದ.

“ನಿಮಗ್ಯಾಕೆ ತೊಂದ್ರೆ ಸರ್?” ಎಂದರು ತಿಪ್ಪೇರುದ್ರಪ್ಪನವರು, ಅರ್ಧ ಬಾಗಿ.

ಯಾವ ಸಾಹೇಬರು ಬಂದರಪ್ಪಾ ಎಂದು ಓಬಳೇಶ ಗಾಬರಿಯಿಂದ ಹಿಂದೆ ತಿರುಗಿ ನೋಡಿದ. ಅಲ್ಲಿ ಗೋಡೆ ಮಾತ್ರ ಇತ್ತು.