ಒಂದು ನಿಮಿಷದ ಓದು

ಮಗಳಿಗೆ ಪುಸ್ತಕ ಕೊಡಿಸುವ ವಿಷಯದಲ್ಲಿ ಶೈಲಜಾ ಎಂದೂ ಕೈ ಬಿಗಿ ಹಿಡಿದವಳಲ್ಲ...

ಮಗಳು ಮನಸ್ವಿಗೆ ಆಗ ಆರು ವರ್ಷ. ಶಾಲೆಯ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಪ್ರತಿ ಭಾನುವಾರ ಮಕ್ಕಳು ಓದುವ ವಿಡಿಯೋ ಹಾಕುವ ರೂಢಿ ಶುರುವಾಗಿತ್ತು.

ಒಂದೇ ನಿಮಿಷದ ವಿಡಿಯೋ. ಆ ಒಂದು ನಿಮಿಷಕ್ಕೆ ಶೈಲಜಾಳ ಅರ್ಧ ಭಾನುವಾರ ಹೋಗುತ್ತಿತ್ತು...

ತಲೆ ಬಾಚಿ, ಒಳ್ಳೆಯ ಫ್ರಾಕ್ ತೊಡಿಸಿ, ಮಗಳನ್ನು ಕಿಟಕಿಯ ಬೆಳಕಿಗೆ ಕೂರಿಸುತ್ತಿದ್ದಳು. ಒಂದು ಪದ ತಡವರಿಸಿದರೂ ಮತ್ತೆ ಮೊದಲಿನಿಂದ.

ಪುಸ್ತಕ ಆರಿಸುವುದೂ ಗ್ರೂಪಿಗಾಗಿಯೇ. ಬೇರೆ ಮಕ್ಕಳು ಅದನ್ನು ಓದಿರಬಾರದು... ಪದಗಳು ಉದ್ದವಿರಬೇಕು... ಚಿತ್ರ ಕಡಿಮೆ ಇರಬೇಕು.

ಒಮ್ಮೆ ಪುಸ್ತಕ ಮೇಳದಲ್ಲಿ ಮನಸ್ವಿ, ಹಲ್ಲುಜ್ಜುವ ಮೊಸಳೆಯ ಚಿತ್ರವಿದ್ದ ಪುಸ್ತಕವೊಂದನ್ನು ಎದೆಗವಚಿಕೊಂಡು ನಿಂತುಬಿಟ್ಟಳು. ಅದು ಪಾಪುಗಳ ಪುಸ್ತಕ ಎಂದು ಶೈಲಜಾ ಮೆಲ್ಲಗೆ ಬಿಡಿಸಿ ವಾಪಸ್ಸು ಇಟ್ಟಳು. ಮಗು ಹಟ ಮಾಡಲಿಲ್ಲ.

ಹಟ ಮಾಡಬೇಕಿತ್ತು ಎಂದು ಶೈಲಜಾಳಿಗೆ ಈಗ ಅನ್ನಿಸುತ್ತದೆ...

ವಿಡಿಯೋ ಹಾಕಿದ ಕೂಡಲೇ ಮೆಚ್ಚುಗೆಯ ಸಾಲುಗಳು ಬರುತ್ತಿದ್ದವು. ಹೇಗೆ ಓದಿಸುತ್ತೀರಿ, ನಮಗೂ ಹೇಳಿ ಎಂದು ಬೇರೆ ತಾಯಂದಿರು ಕೇಳುತ್ತಿದ್ದರು. ಡಿಗ್ರಿ ಅರ್ಧಕ್ಕೆ ಬಿಟ್ಟು ಮದುವೆಯಾಗಿದ್ದ ಶೈಲಜಾಳಿಗೆ, ತಾನೇ ಪಾಸಾದಷ್ಟು ಸಂತೋಷ.

ಒಂದು ಶನಿವಾರ ಸಂಜೆ ಬ್ಲೌಸ್ ತರಲು ಟೈಲರ್ ಖುರ್ಷಿದಾಬಿಯ ಅಂಗಡಿಗೆ ಮಗಳನ್ನೂ ಕರೆದುಕೊಂಡು ಹೋದಳು. ಹುಕ್ಸ್ ಹಾಕುವುದು ಬಾಕಿ ಇತ್ತು. ಇಬ್ಬರೂ ಕಾದು ಕೂತರು.

ಖುರ್ಷಿದಾಬಿಯ ನಾಲ್ಕು ವರ್ಷದ ಮೊಮ್ಮಗಳು ಹರಿದ ಪುಸ್ತಕವೊಂದನ್ನು ಹಿಡಿದು, ಓದಿ ಹೇಳು ಅಂತ ಅಜ್ಜಿಯ ಸೆರಗು ಜಗ್ಗುತ್ತಿದ್ದಳು.

"ಇರು, ಈ ಅಕ್ಕ ಓದ್ತಾಳೆ," ಎಂದು ಖುರ್ಷಿದಾಬಿ ಪುಸ್ತಕವನ್ನು ಮನಸ್ವಿಯತ್ತ ಚಾಚಿದಳು.

ಮನಸ್ವಿ ತೆಗೆದುಕೊಳ್ಳಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ತನ್ನ ಬಟ್ಟೆ ನೋಡಿಕೊಂಡಳು.

"ನಾನು ಒಳ್ಳೆ ಫ್ರಾಕ್ ಹಾಕ್ಕೊಂಡಿಲ್ಲ ಆಂಟಿ..."

ಖುರ್ಷಿದಾಬಿ ನಕ್ಕುಬಿಟ್ಟಳು. "ಕಥೆ ಓದಕ್ಕೆ ಫ್ರಾಕ್ ಯಾಕಮ್ಮ? ನೀನೇನು ಮದುವೆಗೆ ಹೊಂಟಿದ್ಯಾ?"

ಶೈಲಜಾಳಿಗೆ ನಗು ಬರಲಿಲ್ಲ.

ಕೊನೆಗೆ ಖುರ್ಷಿದಾಬಿಯೇ ಸೂಜಿ ಕೆಳಗಿಟ್ಟು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಅವಳದು ಅಕ್ಷರ ಕೂಡಿಸಿ ಕೂಡಿಸಿ ಓದುವ ಓದು.

ಬಸ್ ಕಂಡಕ್ಟರ್‌ನ ಟಿಕೆಟುಗಳನ್ನೆಲ್ಲ ತಿಂದುಹಾಕಿದ ಮೇಕೆಯ ಕಥೆ. ಪದ ಸಿಗದ ಕಡೆಯಲ್ಲೆಲ್ಲ ಮೇಕೆಯ ಹಾಗೆ ಕೂಗಿ ಮುಂದೆ ಹೋಗುತ್ತಿದ್ದಳು. ಮೊಮ್ಮಗಳು ಮತ್ತೆ ಮತ್ತೆ ಅದೇ ಪುಟಕ್ಕೆ ತಿರುಗಿಸಿದರೂ ಬೇಡ ಅನ್ನಲಿಲ್ಲ.

ಮನಸ್ವಿ ಸ್ವಲ್ಪ ಸ್ವಲ್ಪವೇ ಹತ್ತಿರ ಸರಿದಳು... ಖುರ್ಷಿದಾಬಿಯ ತೋಳಿಗೆ ಒರಗಿದಳು... ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

ಶೈಲಜಾ ನೋಡುತ್ತಲೇ ಇದ್ದಳು. ಮನೆಯ ಕಪಾಟು ತುಂಬ ಪುಸ್ತಕಗಳಿದ್ದವು. ಅವುಗಳಲ್ಲಿ ಯಾವುದನ್ನು ಓದುವಾಗಲೂ ಮಗಳು ಹೀಗೆ ನಕ್ಕಿರಲಿಲ್ಲ.

ತನ್ನ ತೋಳಿಗೆ ಒರಗಿರಲೂ ಇಲ್ಲ... ಒರಗುವುದಾದರೂ ಹೇಗೆ? ತಾನು ಯಾವಾಗಲೂ ಫೋನ್ ಹಿಡಿದು ಅವಳ ಎದುರಿಗೆ ನಿಂತಿರುತ್ತಿದ್ದಳಲ್ಲ...

ಮರುದಿನ ಭಾನುವಾರ. ಶೈಲಜಾ ಫೋನನ್ನು ಒಳಗಿಟ್ಟು ಬಂದು, ಚಾಪೆಯ ಮೇಲೆ ಕೂತು, ಮಗಳನ್ನು ಕರೆದಳು.

"ಬಾ ಪುಟ್ಟಿ. ಇವತ್ತು ನಾನು ಓದ್ತೀನಿ, ನೀನು ಸುಮ್ನೆ ಕೇಳು."

ಮನಸ್ವಿ ಬಂದಳು. ಒಂದು ಮೊಳ ದೂರದಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು.

ಶೈಲಜಾ ದನಿ ಬದಲಿಸಿ ಓದಿದಳು, ಕೈ ಆಡಿಸಿ ಓದಿದಳು, ನಗಿಸಲು ನೋಡಿದಳು. ಮಗು ಅಲುಗಾಡದೆ ಕೇಳಿತು... ಹೇಳಿದ ಮಾತು ಮೀರದ ಮಗು.

ಪುಸ್ತಕ ಮುಗಿಯಿತು.

"ಆಯ್ತಲ್ಲಮ್ಮ... ಈಗ ಆಟಕ್ಕೆ ಹೋಗ್ಲಾ?"

ಬೇಡ, ಇನ್ನು ಸ್ವಲ್ಪ ಹೊತ್ತು ಇಲ್ಲೇ ಇರು ಅನ್ನಬೇಕೆನಿಸಿತು. ಅನ್ನಲಿಲ್ಲ. ಹೋಗು ಅಂದಳು.

ಪುಟ್ಟ ಚಪ್ಪಲಿಗಳ ಸದ್ದು ಮೆಟ್ಟಿಲಿಳಿದು ದೂರವಾಯಿತು. ಶೈಲಜಾ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಕೂತೇ ಇದ್ದಳು... ಕಣ್ಣು ತುಂಬಿ ಅಕ್ಷರ ಕಾಣಲಿಲ್ಲ.

ನಾಳೆ ಮತ್ತೆ ಕರೆಯುತ್ತಾಳೆ. ನಾಡಿದ್ದೂ ಕರೆಯುತ್ತಾಳೆ. ಆ ಒಂದು ಮೊಳ ದೂರ ಸವೆಯಲು ಎಷ್ಟು ದಿನ ಬೇಕೋ... ಅವಳಿಗೂ ಗೊತ್ತಿಲ್ಲ.

*ಮಗುವಿನ ಎದುರಿಗೆ ನಿಂತು ಓದಿಸುವುದಕ್ಕಿಂತ, ಪಕ್ಕದಲ್ಲಿ ಕೂತು ಜೊತೆಗೆ ಓದುವುದು ದೊಡ್ಡದು.*

ನಿಮ್ಮ ಮಗು ತಾನಾಗಿಯೇ ಒಂದು ಪುಸ್ತಕ ಹಿಡಿದುಕೊಂಡು ನಿಮ್ಮ ಮಡಿಲಿಗೆ ಬಂದು ಎಷ್ಟು ದಿನವಾಯಿತು?